ಬಿಜಿಎಲ್ ಸ್ವಾಮಿ: ನಮ್ಮ ತಟ್ಟೆಯ ಚರಿತ್ರೆ ಬರೆದ ಸಸ್ಯವಿಜ್ಞಾನಿ

ಆಲಮೇಲದ ಕಡೆ ಊಟ ಅಂದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಇದಕ್ಕಿಂತ ಅಪ್ಪಟ ದೇಸಿ ಊಟ ಇನ್ನೊಂದಿಲ್ಲ ಅಂತ ನಮ್ಮ ಮಂದಿ ಎದೆ ತಟ್ಟಿ ಹೇಳುತ್ತಾರೆ. ಆದರೆ ಶೇಂಗಾ, ಮೆಣಸಿನಕಾಯಿ ಎರಡರ ತವರೂ ಅಮೆರಿಕ ಖಂಡಗಳು. ಯುರೋಪಿನ ಹಡಗುಗಳ ಓಡಾಟ ಶುರುವಾದ ಮೇಲೆ ಇಲ್ಲಿಗೆ ಬಂದವು. ಜೋಳವಂತೂ ಅದಕ್ಕೂ ಬಹಳ ಹಿಂದೆಯೇ ಆಫ್ರಿಕಾದಿಂದ ಬಂದದ್ದು. ಹೀಗೆ ಸಮುದ್ರ ದಾಟಿ ಬಂದ ಬೆಳೆಗಳ ಕಥೆಯನ್ನು ಕನ್ನಡಿಗರಿಗೆ ನಗಿಸುತ್ತಲೇ ಹೇಳಿದವರು ಬಿ.ಜಿ.ಎಲ್. ಸ್ವಾಮಿ. ಪುಸ್ತಕದ ಹೆಸರೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'.

ಡಿ.ವಿ. ಗುಂಡಪ್ಪನವರ ಮಗ. ಸಾಹಿತ್ಯದ ಮನೆಯಲ್ಲಿ ಬೆಳೆದು ಸಸ್ಯವಿಜ್ಞಾನ ಹಿಡಿದರು. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಜೊತೆ ಕೆಲಸ ಮಾಡಿದರು. ಹೂವಿನಲ್ಲಿ ಬೀಜ ಕಟ್ಟುವ ಭಾಗ ಮೂಲದಲ್ಲಿ ಮಡಚಿಕೊಂಡ ಎಲೆಯಂತೆ ಇತ್ತು ಎಂದು ವಾದಿಸಿದ ಇಬ್ಬರ 1951ರ ಪ್ರಬಂಧ ಸಸ್ಯವಿಜ್ಞಾನದಲ್ಲಿ ಹೆಸರಾಯಿತು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪ್ರಿನ್ಸಿಪಾಲರೂ ಆದರು.

ಅಷ್ಟಕ್ಕೇ ನಿಂತಿದ್ದರೆ ಅವರು ಬರೀ ವಿಜ್ಞಾನಿಯಾಗಿ ಉಳಿಯುತ್ತಿದ್ದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವ 'ಹಸುರು ಹೊನ್ನು' ಆಯಿತು. ಚಿತ್ರಗಳನ್ನೂ ತಾವೇ ಬರೆದರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1980ರಲ್ಲಿ ಅವರು ತೀರಿಕೊಂಡರು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 'ಶಾಸನಗಳಲ್ಲಿ ಗಿಡಮರಗಳು'. ಇತಿಹಾಸದವರು ಶಾಸನದಲ್ಲಿ ರಾಜ ಯಾರು, ದಾನ ಎಷ್ಟು ಅಂತ ಹುಡುಕಿದರೆ, ಸ್ವಾಮಿ ಅದೇ ಕಲ್ಲುಗಳಲ್ಲಿ ಮರ, ತೋಟ, ಬೆಳೆ ಹುಡುಕಿದರು. ದಾನ ಕೊಟ್ಟ ಹೊಲದ ಗಡಿ ಹೇಳಲು ಒಂದು ಮರದ ಹೆಸರು ಕೆತ್ತಿದ್ದರೆ, ಆ ಮರ ಅಲ್ಲಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಲಿಪಿ ಓದಲು ಬಾರದ ಸಸ್ಯವಿಜ್ಞಾನಿಗೆ ಅದು ಕಾಣುವುದಿಲ್ಲ. ಗಿಡ ಗುರುತಿಸದ ಇತಿಹಾಸಕಾರನಿಗೂ ಅಷ್ಟೇ.

ಇದು ಬರೀ ಪಾಂಡಿತ್ಯದ ಮಾತಲ್ಲ. ಭೀಮಾ ತೀರದಲ್ಲಿ ಇವತ್ತು ಕಬ್ಬಿನ ಕಾರುಬಾರು. ಕಾಲುವೆ, ಕಾರ್ಖಾನೆ, ಬೆಳೆ ಎಲ್ಲವನ್ನೂ ನೀರಿನ ಲೆಕ್ಕ, ಟನ್ನಿನ ಲೆಕ್ಕದಲ್ಲೇ ತೀರ್ಮಾನಿಸುತ್ತೇವೆ. ಈ ನೆಲದಲ್ಲಿ ಮೊದಲು ಏನಿತ್ತು, ಯಾವಾಗ ಹೋಯಿತು, ಯಾರಿಗೆ ಅನ್ನ ಕೊಟ್ಟಿತ್ತು ಅಂತ ಕೇಳುವವರು ಆ ಸಭೆಯಲ್ಲಿ ಇರುವುದೇ ಇಲ್ಲ. ಯಾಕೆಂದರೆ ಹತ್ತನೇ ಕ್ಲಾಸು ಮುಗಿದ ಕೂಡಲೇ ಹುಡುಗರನ್ನು ಸೈನ್ಸು, ಆರ್ಟ್ಸು ಅಂತ ಬೇರೆ ಮಾಡಿಬಿಡುತ್ತೇವೆ.

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಡಿಗ್ರಿ ಕಾಲೇಜುಗಳಲ್ಲಿ ಇತಿಹಾಸದ ಒಬ್ಬರು, ಬಾಟನಿಯ ಒಬ್ಬರು ಕೂಡಿ ತಮ್ಮ ತಾಲ್ಲೂಕಿನ ಶಾಸನಗಳ ಗಿಡಮರಗಳನ್ನು ಪಟ್ಟಿ ಮಾಡಿ, ಇವತ್ತು ಉಳಿದವನ್ನು ಎಣಿಸಲಿ. ಸ್ವಾಮಿಗೆ ಪ್ರತಿಮೆ ನಿಲ್ಲಿಸುವುದಕ್ಕಿಂತ ಇದು ದೊಡ್ಡ ಕೆಲಸ.