ಅಡಗಿದ ಗೃಹೀತವನ್ನು ಕಂಡ ಗಣಿತಜ್ಞ ಅಬ್ರಹಾಂ ವಾಲ್ಡ್

ಅಬ್ರಹಾಂ ವಾಲ್ಡರು 1902ರ ಅಕ್ಟೋಬರ್ 31ರಂದು, ಅಂದು ಹಂಗೇರಿಗೆ ಸೇರಿದ್ದು ಇಂದು ರುಮೇನಿಯದಲ್ಲಿರುವ ಕ್ಲೂಜ್ ಪಟ್ಟಣದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. 1931ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದರೂ, ಯೆಹೂದಿಯಾದ ಕಾರಣ ವಿಶ್ವವಿದ್ಯಾನಿಲಯದ ಹುದ್ದೆ ಅವರಿಗೆ ಎಟುಕಲಿಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಲು, ಅವರು ಅಮೆರಿಕಕ್ಕೆ ತೆರಳಿ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿದರು. ಹಿಂದುಳಿದ ಕುಟುಂಬದವರಲ್ಲಿ ಬಹುಮಂದಿ ನಾಜಿಗಳ ಕೈಯಲ್ಲಿ ಮಡಿದರು.

ಎರಡನೆಯ ಮಹಾಯುದ್ಧದಲ್ಲಿ ಸೇನೆಗೆ ನೆರವಾಗುತ್ತಿದ್ದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿ ಅವರಿಗೊಂದು ಪ್ರಶ್ನೆ ಎದುರಾಯಿತು. ಹಿಂದಿರುಗಿದ ವಿಮಾನಗಳ ಮೇಲಿನ ಗುಂಡೇಟಿನ ಗುರುತುಗಳಿಂದ, ವಿಮಾನದ ಯಾವ ಭಾಗ ದುರ್ಬಲವೆಂದು ಅರಿಯುವುದೆಂತು? ಗುರುತು ಹೆಚ್ಚಿದ್ದೆಡೆಯೇ ಅಪಾಯ ಹೆಚ್ಚೆಂದು ಯಾರಿಗಾದರೂ ತೋರೀತು. ಆದರೆ ಆ ತೀರ್ಮಾನದ ಒಡಲಲ್ಲಿ ಬಾಯಿಬಿಟ್ಟು ಹೇಳದ ಗೃಹೀತವೊಂದಿದೆ: ಮರಳಿದ ವಿಮಾನಗಳಿಗೆ ಬಿದ್ದೆಡೆಯಲ್ಲೇ ಮರಳದವುಗಳಿಗೂ ಪೆಟ್ಟು ಬಿದ್ದಿತ್ತೆಂಬುದು. ವಾಲ್ಡರು 1943ರ ತಮ್ಮ ಟಿಪ್ಪಣಿಗಳಲ್ಲಿ ಮರಳದ ವಿಮಾನಗಳನ್ನೂ ಲೆಕ್ಕಕ್ಕೆ ತಂದರು. ಗುಂಡು ಎಲ್ಲೆಡೆಯೂ ತಗಲುವಾಗ, ಮರಳಿದವುಗಳ ಎಂಜಿನಿನಲ್ಲಿ ಮಾತ್ರ ಗುರುತು ವಿರಳವಾಗಿದ್ದರೆ, ಅಲ್ಲಿ ಪೆಟ್ಟು ತಿಂದವು ಮರಳಲೇ ಇಲ್ಲವೆಂದರ್ಥ.

1950ರಲ್ಲಿ ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದ ವಾಲ್ಡರು, ಡಿಸೆಂಬರ್ 13ರಂದು ನೀಲಗಿರಿಯಲ್ಲಿ ವಿಮಾನಾಪಘಾತಕ್ಕೀಡಾಗಿ ಪತ್ನಿಯೊಡನೆ ಅಸುನೀಗಿದರು.

ಅವರ ವಿಚಾರಸರಣಿ ಮಾತ್ರ ಉಳಿದಿದೆ. ಬ್ಯಾಂಕು ಮೊದಲಾದ ನೇಮಕಾತಿ ಪರೀಕ್ಷೆಗಳಲ್ಲಿ ಹೇಳಿಕೆಯೊಂದನ್ನು ಕೊಟ್ಟು, ಅದರಲ್ಲಡಗಿದ ಗೃಹೀತ ಯಾವುದೆಂದು ಕೇಳುವುದುಂಟು. ದುಡಿಮೆಯ ಬಿಡುವಿನಲ್ಲಿ ಓದುವ ನಮ್ಮ ತರುಣರು ಇಷ್ಟನ್ನು ನೆನಪಿಡಲಿ: ಯಾವ ಮಾತು ಸುಳ್ಳಾದರೆ ತೀರ್ಮಾನವೇ ಕುಸಿಯುವುದೋ, ಅದೇ ಆ ಗೃಹೀತ.