ಹೆದರಿಕೆಯ ಕಾಯ್ದೆಗೆ ಎದುರು ನಿಂತ ಡಾ. ಸೈಫುದ್ದೀನ್ ಕಿಚ್ಲು

ಜಲಿಯನ್‌ವಾಲಾ ಬಾಗ್ ಅಂದ ಕೂಡಲೇ ಡೈಯರ್ ಹೆಸರು ಎಲ್ಲರ ಬಾಯಿಗೂ ಬರುತ್ತದೆ. ಆದರೆ ಅಂದಿನ ಸಭೆ ಕರೆದದ್ದು ಯಾರ ಬಂಧನವನ್ನು ಖಂಡಿಸಲಿಕ್ಕೆ ಅಂತ ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅದರಲ್ಲಿ ಒಬ್ಬರು ಡಾ. ಸೈಫುದ್ದೀನ್ ಕಿಚ್ಲು, ಇನ್ನೊಬ್ಬರು ಡಾ. ಸತ್ಯಪಾಲ್.

1888ರಲ್ಲಿ ಅಮೃತಸರದ ಕಾಶ್ಮೀರಿ ಮನೆತನದಲ್ಲಿ ಹುಟ್ಟಿದ ಕಿಚ್ಲು ಕೇಂಬ್ರಿಜ್‌ನಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, ಬ್ಯಾರಿಸ್ಟರ್ ಆಗಿ ಊರಿಗೆ ಮರಳಿದವರು. ವಕೀಲಿಕೆ ಮಾಡಿಕೊಂಡು ಹಾಯಾಗಿ ಇರಬಹುದಿತ್ತು. ಕಾಲ ಬಿಡಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ವಿಚಾರಣೆಯಿಲ್ಲದೆ ಜನರನ್ನು ಒಳಗೆ ಹಾಕುವ ಅಧಿಕಾರ ಪಡೆದುಕೊಂಡಿದ್ದರು. ಯುದ್ಧ ಮುಗಿದ ಮೇಲೆ ಅದನ್ನು ಬಿಟ್ಟುಕೊಡಬೇಕಿತ್ತು. ಕೈಗೆ ಬಂದ ಅಧಿಕಾರ ಬಿಡಲು ಯಾರಿಗೆ ಮನಸ್ಸು ಬರುತ್ತದೆ, ಹೇಳಿ? ಬಾಂಬು, ಪಿಸ್ತೂಲು ಹಿಡಿದ ಕ್ರಾಂತಿಕಾರಿ ಗುಂಪುಗಳು ಇದ್ದದ್ದು ನಿಜ. ಆ ಕೆಲವರನ್ನು ತೋರಿಸಿ ಇಡೀ ದೇಶಕ್ಕೇ ಬೀಗ ಹಾಕಲು ಹೊರಟದ್ದೇ ರೌಲತ್ ಕಾಯ್ದೆ. ಭಾರತೀಯ ಸದಸ್ಯರ ವಿರೋಧವನ್ನು ಲೆಕ್ಕಿಸದೆ 1919ರ ಮಾರ್ಚಿನಲ್ಲಿ ಅದು ಪಾಸಾಯಿತು. ಸಂಶಯ ಬಂದರೆ ಸಾಕು, ಕೋರ್ಟು ಇಲ್ಲದೆ ಬಂಧನ. ವಿಚಾರಣೆ ನಡೆದರೆ ಅದೂ ಬಾಗಿಲು ಮುಚ್ಚಿ. ತೀರ್ಪಿಗೆ ಅಪೀಲು ಇಲ್ಲ.

ಕಿಚ್ಲು, ಸತ್ಯಪಾಲ್ ಬಾಂಬು ಹಿಡಿದವರಲ್ಲ. ಅವರ ಕೈಯಲ್ಲಿದ್ದದ್ದು ಹರತಾಳ ಮತ್ತು ಮಾತು. ಮಾರ್ಚ್ 30 ಮತ್ತು ಏಪ್ರಿಲ್ 6ರಂದು ಅಮೃತಸರದ ಅಂಗಡಿಗಳೆಲ್ಲ ಶಾಂತವಾಗಿ ಮುಚ್ಚಿದವು. ಏಪ್ರಿಲ್ 9ರ ರಾಮನವಮಿ ಮೆರವಣಿಗೆಯಲ್ಲಿ ಮುಸ್ಲಿಮರೂ ಸೇರಿದರು. ಹಿಂದೂಗಳು, ಮುಸ್ಲಿಮರು ಒಂದೇ ಪಾತ್ರೆಯಿಂದ ನೀರು ಕುಡಿದರು. ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಓಡ್ವಯರ್‌ಗೆ ಈ ಒಗ್ಗಟ್ಟಿನಲ್ಲಿ ಕಂಡದ್ದು ಪಿತೂರಿ.

ಮರುದಿನ ಇಬ್ಬರನ್ನೂ ಜಿಲ್ಲಾಧಿಕಾರಿಯ ಬಂಗಲೆಗೆ ಕರೆಸಿ, ಅಲ್ಲಿಂದಲೇ ಗುಟ್ಟಾಗಿ ಧರ್ಮಶಾಲೆಗೆ ಸಾಗಿಸಲಾಯಿತು. ಅದಕ್ಕೆ ಹೊಸ ಕಾಯ್ದೆಯೂ ಬೇಕಾಗಲಿಲ್ಲ, ಯುದ್ಧಕಾಲದ ಹಳೆಯದ್ದೇ ಸಾಕಾಯಿತು! ಅವರನ್ನು ಬಿಡಿ ಎಂದು ಕೇಳಲು ಹೊರಟ ಜನರ ಮೇಲೆ ಗುಂಡು ಹಾರಿತು. ರೊಚ್ಚಿಗೆದ್ದ ಗುಂಪು ಬ್ಯಾಂಕುಗಳಿಗೆ ಬೆಂಕಿ ಇಟ್ಟಿತು, ಐವರು ಯುರೋಪಿಯನ್ನರನ್ನು ಕೊಂದಿತು. ಅದೂ ತಪ್ಪೇ. ಆದರೆ ಜನರನ್ನು ಶಾಂತವಾಗಿ ಹಿಡಿದಿಟ್ಟಿದ್ದ ಇಬ್ಬರನ್ನೇ ಊರಿನಿಂದ ಕಿತ್ತವರು ಯಾರು? ಏಪ್ರಿಲ್ 13ರಂದು ಬಾಗ್‌ನಲ್ಲಿ 1,650 ಗುಂಡುಗಳು ಹಾರಿದವು. ಸರಕಾರದ ಲೆಕ್ಕದಲ್ಲೇ 379 ಜನ ಸತ್ತರು.

ಆಗ ಬಂಧನದಲ್ಲಿದ್ದ ಕಿಚ್ಲು ಅವರಿಗೆ ಸೇನಾಡಳಿತದ ನ್ಯಾಯಮಂಡಳಿ ಜೀವಾವಧಿ ಗಡೀಪಾರು ವಿಧಿಸಿತು. ಡಿಸೆಂಬರಿನಲ್ಲಿ ಕ್ಷಮಾದಾನದಡಿ ಬಿಡುಗಡೆಯಾಯಿತು. ಮರುವರ್ಷ ಸರಕಾರವೇ ನೇಮಿಸಿದ ಹಂಟರ್ ಸಮಿತಿ, ಗಲಭೆಯ ಹಿಂದೆ ಪೂರ್ವಯೋಜಿತ ಪಿತೂರಿಗೆ ಪುರಾವೆ ಇಲ್ಲ ಎಂದಿತು. 1922ರಲ್ಲಿ ರೌಲತ್ ಕಾಯ್ದೆಯೂ ರದ್ದಾಯಿತು. ಸತ್ತವರು ಮಾತ್ರ ತಿರುಗಿ ಬರಲಿಲ್ಲ.

ಕಿಚ್ಲು ಆಮೇಲೂ ಸುಮ್ಮನಿರಲಿಲ್ಲ. 1921ರ ಕರಾಚಿ ಮೊಕದ್ದಮೆಯಲ್ಲಿ ಅಲಿ ಸಹೋದರರ ಜೊತೆ ಮತ್ತೆ ಜೈಲು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಾಗತ ಸಮಿತಿಯ ಅಧ್ಯಕ್ಷರು. ದೇಶ ವಿಭಜನೆಯನ್ನು ಕಡೆಯವರೆಗೂ ವಿರೋಧಿಸಿದರು. 1947ರ ಗಲಭೆಯಲ್ಲಿ ಅವರ ಮನೆಯೇ ಸುಟ್ಟುಹೋಯಿತು. ಆಗಲೂ ಗಡಿ ದಾಟಲಿಲ್ಲ, ದಿಲ್ಲಿಗೆ ಬಂದು ನೆಲೆಸಿದರು. 1952ರ ಸ್ಟಾಲಿನ್ ಶಾಂತಿ ಪ್ರಶಸ್ತಿ ಪಡೆದ ಅವರು 1963ರ ಅಕ್ಟೋಬರ್ 9ರಂದು ತೀರಿಕೊಂಡರು.

ಭಯವನ್ನು ತೋರಿಸಿ ಅಧಿಕಾರ ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆ ಅಧಿಕಾರ ಕಡೆಗೆ ಯಾರ ಮೇಲೆ ಬಿತ್ತು ಅಂತ ನೋಡಬೇಕು. ಅಮೃತಸರದಲ್ಲಿ ಅದು ಬಿದ್ದದ್ದು ಒಬ್ಬ ವಕೀಲರ ಮೇಲೆ, ಒಬ್ಬ ವೈದ್ಯರ ಮೇಲೆ, ಮತ್ತೆ ಬೈಸಾಖಿಗೆ ಬಂದ ಬಡಪಾಯಿಗಳ ಮೇಲೆ.