ಲೆಕ್ಕ ತಪ್ಪಿದ ಪಾದ್ರಿ: ಥಾಮಸ್ ಮಾಲ್ಥಸ್

ಪಿಯುಸಿಯಲ್ಲಿ ಎ.ಪಿ., ಜಿ.ಪಿ. ಲೆಕ್ಕ ಮಾಡಿ ಎಲ್ಲರೂ ಮರೆತಿದ್ದೀವಿ, ಅಲ್ವಾ? ಅದೇ ಎರಡು ಶ್ರೇಢಿ ಇಟ್ಕೊಂಡು ಒಬ್ಬ ಪಾದ್ರಿ ಯುರೋಪನ್ನೇ ಹೆದರಿಸಿದ್ದರು.

ಥಾಮಸ್ ರಾಬರ್ಟ್ ಮಾಲ್ಥಸ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಸರ್ರೆಯಲ್ಲಿ. ಹುಟ್ಟಿನಿಂದಲೇ ಸೀಳುತುಟಿ, ಹಾಗಾಗಿ ಮಾತು ಸ್ಪಷ್ಟವಾಗಿ ಬರ್ತಿರಲಿಲ್ಲ. ಆದರೆ ಗಣಿತದಲ್ಲಿ ಚುರುಕು. 1788ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಒಂಬತ್ತನೇ ರ‍್ಯಾಂಕ್ ಬಂದರು. ಆಮೇಲೆ ಪಾದ್ರಿ ಆದರು.

ಅವರ ಅಪ್ಪ ಡೇನಿಯಲ್‌ಗೆ ಮನುಷ್ಯರೆಲ್ಲ ಒಂದು ದಿನ ಸುಖವಾಗಿ ಬಾಳ್ತಾರೆ ಅನ್ನೋ ನಂಬಿಕೆ. ಮಗನಿಗೆ ಅದು ಲೆಕ್ಕಕ್ಕೆ ಕೂರಲಿಲ್ಲ. ಆ ವಾದದಿಂದ ಹುಟ್ಟಿದ್ದೇ ಜನಸಂಖ್ಯೆಯ ಬಗ್ಗೆ 1798ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಪುಸ್ತಕ. ವಾದ ಸರಳ: ತಡೆ ಇಲ್ಲದಿದ್ದರೆ ಜನ 25 ವರ್ಷಕ್ಕೊಮ್ಮೆ 1, 2, 4, 8 ಅಂತ ದುಪ್ಪಟ್ಟಾಗ್ತಾರೆ. ಆಹಾರ ಮಾತ್ರ 1, 2, 3, 4 ಅಂತ ನಿಧಾನವಾಗಿ ಏರುತ್ತೆ. 225 ವರ್ಷಕ್ಕೆ ಜನ 512 ಪಟ್ಟು, ಆಹಾರ 10 ಪಟ್ಟು. ನಡುವಿನ ಅಂತರವನ್ನು ಹಸಿವು, ರೋಗ, ಯುದ್ಧ ತುಂಬುತ್ತವೆ. ಬೇರೆ ದೇಶಕ್ಕೆ ವಲಸೆ ಹೋದರೂ ಅದು ತಾತ್ಕಾಲಿಕ ಪರಿಹಾರ ಅಷ್ಟೇ ಅಂದುಕೊಂಡಿದ್ದರು.

ಟೀಕೆಗಳು ಸುರಿದವು. ಆದರೆ ಅವರು ಸುಮ್ಮನೆ ಕೂರಲಿಲ್ಲ. 1799ರಲ್ಲಿ ನಾರ್ವೆ, ಸ್ವೀಡನ್, ರಷ್ಯಾ ಸುತ್ತಿ ಅಂಕಿ ಅಂಶ ಕೂಡಿಹಾಕಿದರು. 1803ರಲ್ಲಿ ಪುಸ್ತಕವನ್ನು ತುಂಬಾ ದೊಡ್ಡದು ಮಾಡಿ, ಈ ಸಲ ಹೆಸರು ಹಾಕಿ ತಂದರು. ತಡವಾಗಿ ಮದುವೆಯಾದರೆ ಜನಸಂಖ್ಯೆ ಹಿಡಿತಕ್ಕೆ ಬರುತ್ತೆ ಅಂತ ಅದರಲ್ಲಿ ಸೇರಿಸಿದರು. ತಾವೂ 38ನೇ ವಯಸ್ಸಿಗೆ ಮದುವೆಯಾದರು!

1805ರಿಂದ ಅವರು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರೊಫೆಸರ್. ಅಂದರೆ ಭಾರತವನ್ನು ಆಳೋಕೆ ಹಡಗು ಹತ್ತುತ್ತಿದ್ದ ಹುಡುಗರಿಗೆ ಅರ್ಥಶಾಸ್ತ್ರ ಕಲಿಸಿದ್ದು ಇವರೇ. ಹುಡುಗರು ಇಟ್ಟಿದ್ದ ಅಡ್ಡಹೆಸರು 'ಪಾಪ್'.

ನನಗೆ ಕಷ್ಟ ಅನ್ನಿಸೋದು ಇಲ್ಲಿ. ಬಡವರಿಗೆ ಸರ್ಕಾರ ಸಹಾಯ ಮಾಡಿದರೆ ಅವರ ಸಂಖ್ಯೆಯೇ ಹೆಚ್ಚುತ್ತೆ ಅಂತ ಮಾಲ್ಥಸ್ ವಾದಿಸಿದರು. ಇಂಗ್ಲೆಂಡಿನ 1834ರ ಕಠಿಣ ಬಡವರ ಕಾನೂನಿನ ಹಿಂದೆ ಈ ಯೋಚನೆಯ ನೆರಳಿತ್ತು. ಹಾಳೆ ಮೇಲಿನ ಮಾಡೆಲ್ ಒಂದು ಕುಟುಂಬದ ಊಟ ಕಿತ್ಕೊಳ್ಳಬಹುದು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಾಲ್ಥಸ್ ತೀರಿಕೊಂಡರು. ನಾಲ್ಕು ವರ್ಷದ ನಂತರ ಡಾರ್ವಿನ್ ಅದೇ ಪುಸ್ತಕ ಓದಿದಾಗ ನೈಸರ್ಗಿಕ ಆಯ್ಕೆಯ ಯೋಚನೆ ಹೊಳೆಯಿತು.

ಲೆಕ್ಕ ಏನಾಯ್ತು? ಸುಮಾರು 100 ಕೋಟಿ ಇದ್ದ ಜಗತ್ತು 2022ರಲ್ಲಿ 800 ಕೋಟಿ ಮುಟ್ಟಿತು. 512 ಅಲ್ಲ, 8 ಪಟ್ಟು. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸೋದನ್ನು ಹೇಬರ್ ಕಂಡುಹಿಡಿದರು, ಬಾಷ್ ಅದನ್ನು ಕಾರ್ಖಾನೆಗೆ ತಂದರು, ರಸಗೊಬ್ಬರ ಬಂತು, ಬೆಳೆ ಹೆಚ್ಚಿತು. ಇನ್ನೊಂದು ಕಡೆ, ಜನ ಕಡಿಮೆ ಮಕ್ಕಳು ಸಾಕು ಅಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯೋಕೆ 2.1 ಬೇಕು.

ನಮ್ಮಜ್ಜಿಗೆ ಏಳು ಮಕ್ಕಳು. ಬೇಕಾ ಅಂತ ಅವರನ್ನು ಯಾರೂ ಕೇಳಲಿಲ್ಲ. ಅಮ್ಮ ಡಿಗ್ರಿ ಓದಿದರು, ನಾನೊಬ್ಬನೇ ಸಾಕು ಅಂತ ಅವರೇ ತೀರ್ಮಾನಿಸಿದರು. ಈಗ ನಾನು ಹಾಸ್ಟೆಲ್‌ನಲ್ಲಿ, ಊರಿನ ಮನೆಯಲ್ಲಿ ಅವರಿಬ್ಬರೇ. ಮಾಲ್ಥಸ್ ಸ್ಥಿರಾಂಕ ಅಂದುಕೊಂಡಿದ್ದು ನಿಜವಾಗಿ ಅಮ್ಮನ ತೀರ್ಮಾನ ಆಗಿತ್ತು.